ಕಡಲ ದಂಡೆಯ ಮನೆ ಯಾರ ಪಾಲು?

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆಯಿದೆ. ಅಲ್ಲಿನ ಹಳೆಯ ಬಂದರು ಪೇಟೆ ಸೇಂಟ್ ಐವ್ಸ್. ಆ ಊರಿನಲ್ಲಿ ಹೊಸ ಮಾದರಿಯ ಸಂಸಾರದ ಮನೆ ಬಾಡಿಗೆಗೆ ಇದೆ ಎಂಬ ಜಾಹೀರಾತುಗಳಿಗೆ ಬರವಿಲ್ಲ. ಮೂರು ಮಲಗುವ ಕೋಣೆ, ಕಾರು ನಿಲ್ಲಿಸಲು ಜಾಗ, ಕಿಟಕಿ ತೆರೆದರೆ ಕಡಲು. ಆದರೆ ಬಾಡಿಗೆ ತಿಂಗಳ ಲೆಕ್ಕದಲ್ಲಿಲ್ಲ, ವಾರದ ಲೆಕ್ಕದಲ್ಲಿದೆ. ರಜೆಗೆ ಬಂದು ಹೋಗುವ ಸಂಸಾರಕ್ಕೆ ಮನೆಯುಂಟು; ಆ ಊರಿನಲ್ಲೇ ಹುಟ್ಟಿ ಅಲ್ಲೇ ದುಡಿಯುವ ಸಂಸಾರಕ್ಕೆ ಇಲ್ಲ.

ಸಾವಿರಾರು ಮೈಲಿ ದೂರದ ಊರಿನ ಮಾತು ನಮಗೇಕೆ ಎಂದು ಕೇಳಬಹುದು. ಬಾಡಿಗೆ ಮನೆಯಲ್ಲಿ ಮಲಗುವ ಗಿರಣಿ ಕಾರ್ಮಿಕನಿಗೂ, ಬಾಡಿಗೆ ಮಳಿಗೆಯಲ್ಲಿ ತಕ್ಕಡಿ ಹಿಡಿಯುವ ವ್ಯಾಪಾರಿಗೂ ಅದರಲ್ಲಿ ಪಾಠವಿದೆ. ಅದಕ್ಕಾಗಿಯೇ ಈ ಬರಹ.

ಸೇಂಟ್ ಐವ್ಸ್ ಮೊದಲು ಬೆಸ್ತರ ಊರು. ಪಿಲ್ಚರ್ಡ್ ಎಂಬ, ನಮ್ಮ ಕರಾವಳಿಯ ಬೂತಾಯಿಯ ಜಾತಿಯ ಮೀನು ಅಲ್ಲಿನ ಜೀವಾಳವಾಗಿತ್ತು. ಮನೆಯ ಕೆಳ ಅಂತಸ್ತಿನಲ್ಲಿ ಮೀನಿಗೆ ಉಪ್ಪು ಹಾಕಿ ಒತ್ತುವ ಕೆಲಸ, ಮೇಲಿನ ಅಂತಸ್ತಿನಲ್ಲಿ ಸಂಸಾರ. ಉಪ್ಪುಮೀನು ಇಟಲಿಯವರೆಗೂ ಹೋಗುತ್ತಿತ್ತು. 1877ರಲ್ಲಿ ರೈಲು ಬಂದಿತು. ಮೀನಿನ ಕಸುಬು ಕುಗ್ಗಿದಂತೆ ಖಾಲಿಯಾದ ಹಾಯಿಯ ಅಟ್ಟಗಳಿಗೆ ಚಿತ್ರಕಾರರು ಬಂದರು. ಹೆಸರಾಂತ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅಲ್ಲಿಯೇ ನೆಲೆಸಿ 1975ರಲ್ಲಿ ತೀರಿಕೊಂಡರು. 1993ರಲ್ಲಿ ಟೇಟ್ ಕಲಾಶಾಲೆಯೂ ಬಾಗಿಲು ತೆರೆಯಿತು. ಊರಿನ ಹೆಸರು ಏರಿತು. ಹೆಸರಿನ ಹಿಂದೆಯೇ ಮನೆಯ ಬೆಲೆಯೂ ಏರಿತು.

ಫಲವೇನಾಯಿತು? 2011ರ ಲೆಕ್ಕದಂತೆ ಆ ಭಾಗದ ನೂರು ಮನೆಗಳಲ್ಲಿ 25ರಲ್ಲಿ ಕಾಯಂ ವಾಸದವರಿರಲಿಲ್ಲ. ಇವು ಒಂದೋ ಪಟ್ಟಣದ ಸಿರಿವಂತರ ಎರಡನೆಯ ಮನೆಗಳು, ಇಲ್ಲವೇ ವಾರದ ಬಾಡಿಗೆಯ ಮನೆಗಳು.

ಮನೆಯೊಡೆಯನ ಲೆಕ್ಕ ಸುಲಭ. ಬೇಸಿಗೆಯ ಒಂದು ವಾರದಲ್ಲಿ ಪ್ರವಾಸಿಗನಿಂದ ಬರುವ ಹಣಕ್ಕೆ, ಹೋಟೆಲಿನಲ್ಲಿ ತಟ್ಟೆ ತೊಳೆಯುವವಳು ಒಂದು ತಿಂಗಳಿಗೆ ಕೊಡಬಲ್ಲ ಬಾಡಿಗೆ ಸಾಟಿಯಾಗುವುದಿಲ್ಲ. ಚಳಿಗಾಲದಲ್ಲಿ ಪ್ರವಾಸಿಗರಿಲ್ಲ, ಆಗ ಆರು ತಿಂಗಳ ಮಟ್ಟಿಗೆ ಊರಿನವರಿಗೆ ಮನೆ ಕೊಡುವ ಪದ್ಧತಿಯುಂಟು. ಈಸ್ಟರ್ ಹಬ್ಬ ಬಂದಿತೆಂದರೆ ಗಂಟುಮೂಟೆ ಕಟ್ಟಬೇಕು. ಮಕ್ಕಳ ಶಾಲೆ ನಡುವೆಯೇ ಇರಲಿ, ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿರಲಿ, ಯಾರೂ ಕೇಳುವುದಿಲ್ಲ.

ಸಣ್ಣ ವ್ಯಾಪಾರಿ ಬಂಧುಗಳು ಇಲ್ಲಿ ಸ್ವಲ್ಪ ಯೋಚಿಸಬೇಕು. ಪ್ರವಾಸಿಗರು ಬಂದರೆ ನಮಗೆ ಲಾಭವಲ್ಲವೇ ಎಂದು ನೀವು ಹೇಳಬಹುದು. ನಾಲ್ಕು ತಿಂಗಳು ನಿಜ. ಉಳಿದ ಎಂಟು ತಿಂಗಳು ದೀಪವಿಲ್ಲದ ಬೀದಿಯಲ್ಲಿ ಬೇಳೆ ಬೆಲ್ಲ ಕೊಳ್ಳುವವರು ಯಾರು? ವರ್ಷವಿಡೀ ಅಂಗಡಿಯನ್ನು ಸಾಕುವವನು ಉದ್ರಿ ಬರೆಸಿ ತಿಂಗಳ ಕೊನೆಗೆ ತೀರಿಸುವ ನೆರೆಯವನೇ ಹೊರತು ಶನಿವಾರ ಬಂದು ಶನಿವಾರ ಹೋಗುವವನಲ್ಲ. ಕಾರ್ನ್‌ವಾಲಿನ ಹೋಟೆಲಿನವರೇ ಈಗ ಗೋಳಾಡುತ್ತಾರೆ: ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕರೂ ಅವರು ಮಲಗಲು ಮನೆಯಿಲ್ಲ.

ಸೇಂಟ್ ಐವ್ಸ್ ಜನ ಸುಮ್ಮನೆ ಕೂರಲಿಲ್ಲ. 2016ರ ಮೇ ತಿಂಗಳಲ್ಲಿ ಊರಿನ ಯೋಜನೆಯೊಂದನ್ನು ಮತಕ್ಕೆ ಹಾಕಿದರು. ಇನ್ನು ಮುಂದೆ ಕಟ್ಟುವ ಹೊಸ ಮನೆಗಳು ಕಾಯಂ ವಾಸಕ್ಕೇ ಮೀಸಲು ಎಂಬುದು ಅದರ ಮುಖ್ಯ ಕಲಮು. ಮತ ಹಾಕಿದವರಲ್ಲಿ ನೂರಕ್ಕೆ 83 ಮಂದಿ ಹೌದು ಎಂದರು. ಕಟ್ಟಡದ ಸಂಸ್ಥೆಯೊಂದು ಹೈಕೋರ್ಟಿಗೆ ಹೋಯಿತು. ಅದೇ ವರ್ಷದ ಕೊನೆಯಲ್ಲಿ ಕೋರ್ಟು ಜನರ ತೀರ್ಮಾನವನ್ನೇ ಎತ್ತಿ ಹಿಡಿಯಿತು. ಜನ ಒಗ್ಗೂಡಿದರೆ ಹಣದ ಚೀಲಕ್ಕೂ ಎದುರು ನಿಲ್ಲಬಹುದೆಂಬುದಕ್ಕೆ ಇದು ಸಾಕ್ಷಿ.

ಆದರೆ ಗೆಲುವಿನ ಕತೆಯನ್ನು ಅರ್ಧಕ್ಕೆ ನಿಲ್ಲಿಸುವುದು ಪ್ರಾಮಾಣಿಕತೆಯಲ್ಲ. ನಿಬಂಧನೆ ಹೊಸ ಮನೆಗಷ್ಟೇ ಇತ್ತು. ಹಣವಂತರ ಕಣ್ಣು ಹಳೆಯ ಮನೆಗಳ ಕಡೆ ತಿರುಗಿತು. ಲಾಭ ಕಡಿಮೆಯೆಂದು ಕಟ್ಟಡದವರು ಹೊಸ ಮನೆ ಕಟ್ಟುವುದಕ್ಕೆ ಹಿಂಜರಿದರು. ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಶಾಲೆಯ ವಿದ್ವಾಂಸರು ಇದನ್ನು ಎತ್ತಿ ತೋರಿಸಿದಾಗ, ನೋಡಿ, ಮಾರುಕಟ್ಟೆಯ ಮೈ ಮುಟ್ಟಿದರೆ ಹೀಗೇ ಎಂದು ಕೆಲವರು ನಕ್ಕರು.

ನನ್ನ ತಿಳುವಳಿಕೆ ಬೇರೆ. ಹೊಲಕ್ಕೆ ಒಂದೇ ಬದಿಗೆ ಬೇಲಿ ಹಾಕಿದರೆ ದನ ಇನ್ನೊಂದು ಬದಿಯಿಂದ ನುಗ್ಗುತ್ತದೆ. ತಪ್ಪು ಬೇಲಿಯದೋ, ಬೇಲಿ ಹಾಕದೆ ಬಿಟ್ಟ ಬದಿಯದೋ?

ಆ ಬದಿ ಯಾವುದೆಂದು ಇಂಗ್ಲೆಂಡಿನ ಚರಿತ್ರೆಯೇ ಹೇಳುತ್ತದೆ. 1945ರಲ್ಲಿ ಲೇಬರ್ ಸರಕಾರ ಬಂದಾಗ, ಗಣಿ ಕಾರ್ಮಿಕನ ಮಗ ಅನ್ಯೂರಿನ್ ಬೆವನ್ ಆರೋಗ್ಯದ ಜೊತೆಗೆ ಮನೆಗಳ ಖಾತೆಯನ್ನೂ ನೋಡಿಕೊಂಡರು. ಪುರಸಭೆಗಳೇ ಮನೆ ಕಟ್ಟಿ ಮಿತ ಬಾಡಿಗೆಗೆ ಕೊಟ್ಟವು. ವೈದ್ಯನೂ ಕೂಲಿಕಾರನೂ ಅಂಗಡಿಯವನೂ ಒಂದೇ ಬೀದಿಯಲ್ಲಿರಬೇಕೆಂಬುದು ಬೆವನ್ನರ ಕನಸು. 1980ರಲ್ಲಿ ಥ್ಯಾಚರ್ ಸರಕಾರ ಆ ಮನೆಗಳನ್ನು ರಿಯಾಯಿತಿ ಬೆಲೆಗೆ ಮಾರುವ ಕಾಯಿದೆ ತಂದಿತು. ಇಂಗ್ಲೆಂಡಿನಲ್ಲಿ 18 ಲಕ್ಷಕ್ಕೂ ಹೆಚ್ಚು ಮನೆಗಳು ಕೈ ಬಿಟ್ಟವು. ಮಾರಿದಷ್ಟನ್ನು ಮತ್ತೆ ಕಟ್ಟಲಿಲ್ಲ. 1988ರ ಕಾಯಿದೆಯ 21ನೆಯ ಕಲಮು, ಕಾರಣ ಕೊಡದೆ ಎರಡು ತಿಂಗಳ ನೋಟೀಸಿನಲ್ಲಿ ಬಾಡಿಗೆದಾರನನ್ನು ಬಿಡಿಸುವ ದಾರಿ ತೆರೆಯಿತು. ಆ ಕಲಮನ್ನು ರದ್ದು ಮಾಡುವ ಕಾಯಿದೆ ಪಾರ್ಲಿಮೆಂಟಿನಲ್ಲಿ ಪಾಸಾದದ್ದು 2025ರಲ್ಲಿ!

ನಾವೇನೂ ಪ್ರವಾಸಿಗರ ವೈರಿಗಳಲ್ಲ. ದುಡಿಯುವವನಿಗೂ ಕಡಲು ನೋಡುವ ಹಕ್ಕುಂಟು. ಇಂಗ್ಲೆಂಡಿನ ಕಾರ್ಮಿಕರಿಗೆ ಸಂಬಳ ಸಹಿತ ರಜೆಯ ಕಾಯಿದೆ 1938ರಲ್ಲಿ ದೊರೆತದ್ದು ಸಂಘಗಳ ಬಹುಕಾಲದ ಹೋರಾಟದಿಂದ. ಹೆಚ್ಚಾಗಿದ್ದ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು ಗಂಜಿ ಕುಡಿಯುವ ವಿಧವೆಯ ಮೇಲೂ ನಮ್ಮ ಕೋಪವಿಲ್ಲ. ಆದರೆ ಒಬ್ಬ ಕಾರ್ಮಿಕನ ರಜೆಗಾಗಿ ಇನ್ನೊಬ್ಬ ಕಾರ್ಮಿಕನ ಒಲೆ ಆರಬೇಕೆಂಬ ವ್ಯವಸ್ಥೆಯನ್ನು ನಾವು ಒಪ್ಪುವುದಿಲ್ಲ.

ಈಗ ನಮ್ಮ ಕಡೆ ನೋಡೋಣ. ನಮ್ಮೂರಿಗೆ ಕಡಲಿಲ್ಲ, ಆದರೂ ನ್ಯಾಯ ಅದೇ. ನಾನು ಮೇಷ್ಟರಾಗಿದ್ದಾಗ ಐದು ವರ್ಷದಲ್ಲಿ ಮೂರು ಮನೆ ಬದಲಿಸಿದೆ. ಹನ್ನೊಂದು ತಿಂಗಳ ಕರಾರು. ಮುಗಿದೊಡನೆ ಧಣಿಗಳು, "ಮೇಷ್ಟ್ರೇ, ಮಗ ಬರ್ತಾನೆ, ಮನೆ ಬೇಕು" ಎನ್ನುವರು. ಮಗ ಬಂದದ್ದನ್ನು ನಾನು ಕಾಣಲಿಲ್ಲ. ಹೆಚ್ಚು ಬಾಡಿಗೆ ಕೊಡುವವರು ಬಂದದ್ದನ್ನು ಕಂಡೆ. ಕಾಯಿದೆಯ ಆಸರೆ ಉಂಟಲ್ಲ ಎಂದರೆ ಅದರ ಹೂರಣವನ್ನೂ ಕೇಳಿ. 1999ರ ಕರ್ನಾಟಕ ಬಾಡಿಗೆ ಕಾಯಿದೆ ಮಾಡುವಾಗಲೇ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಇತರ ಕಡೆ 2,000 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟರು. ಇಂದು ಎರಡು ಸಾವಿರಕ್ಕೆ ನೀರು ನಲ್ಲಿಯ ಮನೆ ಎಲ್ಲಿದೆ, ತೋರಿಸಿ.

ಆದ್ದರಿಂದ ಸೇಂಟ್ ಐವ್ಸ್ ಪಾಠವನ್ನು ಪೂರ್ತಿ ಕಲಿಯೋಣ. ಜನ ಮತ ಹಾಕಿ ನಿಬಂಧನೆ ತರಬಹುದು. ಅದು ಮೊದಲ ಹೆಜ್ಜೆ. ನಿಬಂಧನೆ ಹಳೆಯ ಮನೆಗೂ ಹೊಸ ಮನೆಗೂ ಒಂದೇ ಇರಬೇಕು. ಸರಿಯಾದ ಕಾರಣವಿಲ್ಲದೆ ಬಾಡಿಗೆದಾರನನ್ನು ಎಬ್ಬಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಪುರಸಭೆ ತಾನೇ ಮನೆ ಕಟ್ಟಿ, ಮಾರದೆ, ಬಾಡಿಗೆಗೆ ಕೊಡಬೇಕು. ಇವು ಮೂರೂ ಕೂಡಿದರೇ ಬೇಲಿ ಪೂರ್ತಿಯಾದೀತು.

ಪುರಸಭೆಯ ಚುನಾವಣೆಯಲ್ಲಿ ಕೈ ಮುಗಿದು ಬರುವವರು ಚರಂಡಿ, ದೀಪದ ಮಾತಾಡುತ್ತಾರೆ. ಆಡಲಿ. ಅವರನ್ನು ಜಗಲಿಯ ಮೇಲೆ ಕೂರಿಸಿ ಒಂದು ಪ್ರಶ್ನೆ ಕೇಳಿ: "ನೀವು ಗೆದ್ದರೆ ಬಾಡಿಗೆಗೆ ಕೊಡಲು ಎಷ್ಟು ಮನೆ ಕಟ್ಟಿಸುತ್ತೀರಿ?" ಸಂಖ್ಯೆ ಹೇಳಿದರೆ ಗೋಡೆಯ ಮೇಲೆ ಬರೆದಿಡಿ. ಹೇಳದಿದ್ದರೆ ನಿಮ್ಮ ಮತವನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.