ಬೋರ್ಡಿಂಗಿನ ಗೆಳೆತನ ಯಾರ ಆಸ್ತಿ?

ಕಾಲೇಜು ಪ್ರವೇಶದ ದಿನಗಳು ಬಂದಿವೆ. ಇಳಕಲ್ಲಿನ ನೇಕಾರ ಬಂಧುವೊಬ್ಬರು ಮೊನ್ನೆ ನಮ್ಮಲ್ಲಿಗೆ ಬಂದು, "ಮಾಸ್ತರ್ರೀ, ಮಗನ್ನ ಧಾರವಾಡ ಕಾಲೇಜಿಗೆ ಹಚ್ಚಬೇಕಂತೀವ್ರಿ. ನಮ್ಮ ಮಂದಿ ಬೋರ್ಡಿಂಗಿನ್ಯಾಗ ಇಟ್ಟರ ಮುಂದ ಏನರ ಆಸರ ಆಗತೈತೇನ್ರಿ?" ಎಂದು ಕೇಳಿದರು. ಅವರು ಕೇಳಿದ್ದು ಅನ್ನದ ಮಾತಲ್ಲ, ಅನ್ನದ ಪಂಕ್ತಿಯಲ್ಲಿ ಬೆಳೆಯುವ ಗೆಳೆತನದ ಮಾತು.

ಆಸರೆ ಆಗುತ್ತದೆ. ಇಲ್ಲವೆಂದು ಹೇಳಿದರೆ ನಾವು ಸುಳ್ಳು ಹೇಳಿದಂತೆ. ಆದರೆ ಆ ಆಸರೆ ಯಾರಿಗೆ, ಯಾರ ಖರ್ಚಿನಲ್ಲಿ ಎಂಬುದನ್ನೂ ಕೇಳಲೇಬೇಕು.

ಅಮೇರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟ ಸೋದರ ಸಂಘಗಳಿವೆ. ಹೊಸಬರನ್ನು ಹಳಬರು ಆರಿಸಿಕೊಳ್ಳುತ್ತಾರೆ. ಒಮ್ಮೆ ಸೇರಿದವನು ಸಾಯುವ ತನಕ ಸೋದರ. ಯೇಲ್ ವಿಶ್ವವಿದ್ಯಾಲಯದಲ್ಲಿ 1832ರಲ್ಲಿ ಹುಟ್ಟಿದ 'ಸ್ಕಲ್ ಅಂಡ್ ಬೋನ್ಸ್' ಎಂಬ ಗುಪ್ತಸಂಘವೂ ಇಂಥದೇ. 2004ರ ಅಧ್ಯಕ್ಷ ಚುನಾವಣೆಯಲ್ಲಿ ಎದುರುಬದಿರು ನಿಂತ ಬುಷ್ ಮತ್ತು ಕೆರಿ ಇಬ್ಬರೂ ಅದರ ಸದಸ್ಯರು. ಯಾರು ಗೆದ್ದರೂ ಕುರ್ಚಿ ಸಂಘದ ಮನೆಗೇ! ಆದರೆ 1906ರಲ್ಲಿ ಕಾರ್ನೆಲ್‌ನಲ್ಲಿ ಕರಿಯ ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಎಂಬ ಸಂಘ ಕಟ್ಟಿದರು. ಬಿಳಿಯರ ಪಂಕ್ತಿಯಲ್ಲಿ ಎಡೆ ಸಿಗದವರು ತಮ್ಮದೇ ಎಡೆ ಹಾಕಿಕೊಂಡರು. ಮಾರ್ಟಿನ್ ಲೂಥರ್ ಕಿಂಗ್ ಆ ಸಂಘದವರು. ಒಂದು ಸಂಘ ಇದ್ದವರ ಕೋಟೆ, ಇನ್ನೊಂದು ಇಲ್ಲದವರ ಆಸರೆ.

ನಮ್ಮ ಬೋರ್ಡಿಂಗುಗಳೂ ಹುಟ್ಟಿದ್ದು ಇಲ್ಲದವರ ಆಸರೆಯಾಗಿಯೇ. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮುಂಚೆ ಈ ಸೀಮೆಯ ಹುಡುಗ ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಿತ್ತು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಮುಂದೆ ಬೇರೆ ಬೇರೆ ಸಮಾಜಗಳಿಗೆ ಬೋರ್ಡಿಂಗು ತೆರೆಸಿದರು; ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ತೆರೆಸಿದರು. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿತು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ತರುಣರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಬಡವರ ಮಕ್ಕಳು ಎಷ್ಟೋ ಮಂದಿ. ಈ ಉಪಕಾರವನ್ನು ಮರೆಯುವವರು ನಾವಲ್ಲ.

ಬೋರ್ಡಿಂಗಿನಲ್ಲಿ ಹುಡುಗನಿಗೆ ಸಿಗುವುದೇನು? ಎರಡು ಹೊತ್ತಿನ ಊಟ, ಓದಲು ದೀಪ. ಮೇಲಿನ ವರ್ಗದವನ ಹಳೆಯ ಪುಸ್ತಕ. ಯಾವ ನೌಕರಿಗೆ ಯಾವಾಗ ಅರ್ಜಿ ಹಾಕಬೇಕೆಂಬ ಸುದ್ದಿ. ಸಾಹೇಬರ ಮುಂದೆ ಕುರ್ಚಿಯಲ್ಲಿ ಕೂತು ಮಾತಾಡುವ ಧೈರ್ಯ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಬೆಳೆದ ಹುಡುಗನಿಗೆ ಈ ಕೊನೆಯದನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಇಷ್ಟೂ ನ್ಯಾಯವಾದ ಗಳಿಕೆ. ಇದರಿಂದ ಯಾರ ತಾಟಿನ ರೊಟ್ಟಿಯೂ ಕಡಿಮೆಯಾಗುವುದಿಲ್ಲ.

ಇವುಗಳ ಹಿಂದೆಯೇ ಇನ್ನೊಂದು ಬರುತ್ತದೆ. ಅದರ ಹೆಸರು ವಶೀಲಿ. ಹತ್ತಿಪ್ಪತ್ತು ವರ್ಷಗಳ ಮೇಲೆ ಅದೇ ಪಂಕ್ತಿಯಲ್ಲಿ ಉಂಡವನೊಬ್ಬ ಅಧಿಕಾರಿಯಾಗುತ್ತಾನೆ, ಇನ್ನೊಬ್ಬ ಆಡಳಿತ ಮಂಡಳಿಗೆ ಬರುತ್ತಾನೆ. ಅರ್ಜಿ ಹಿಡಿದು ನಿಂತ ಹುಡುಗನಿಗೆ "ಯಾವ ಬೋರ್ಡಿಂಗಿನಾವ?" ಎಂಬ ಪ್ರಶ್ನೆ. ಅದರ ಒಳ ಅರ್ಥ "ಯಾವ ಜಾತಿಯಾವ?" ಎಂಬುದು. ದಾರಿ ತೋರಿಸುವ ಕೈಯೇ ಬೇರೆಯವರ ಮುಖದ ಮೇಲೆ ಕದ ಹಾಕುತ್ತದೆ. ಇದ್ದ ಒಂದು ಜಾಗ ಗೆಳೆತನಕ್ಕೆ ಹೋದರೆ, ಯಾವ ಪಂಕ್ತಿಯಲ್ಲೂ ಎಡೆಯಿಲ್ಲದವನ ಮಗ ಏನಾಗಬೇಕು? ಮನೆಯಲ್ಲಿ ಕಂಡಿಕಿ ಸುತ್ತುತ್ತಲೇ ಓದಿದ ಮಗಳು ಏನಾಗಬೇಕು? ಗಂಡಸರ ಈ ಗೆಳೆತನದಲ್ಲಿ ಅವಳಿಗೆ ಬಹುಕಾಲ ಜಾಗವೇ ಇರಲಿಲ್ಲ.

"ನಮ್ಮವರು ನಮ್ಮವರಿಗೆ ಮಾಡದಿದ್ದರೆ ಮತ್ತಾರು ಮಾಡುತ್ತಾರೆ?" ಎನ್ನುವವರುಂಟು. ಅವರಿಗೆ ನಮ್ಮ ಮರುಪ್ರಶ್ನೆ: ನಮ್ಮವರೆಂದರೆ ಯಾರು? ಬೋರ್ಡಿಂಗಿಗೆ ಜೋಳ ಬಂದದ್ದು ಎಲ್ಲಿಂದ? ರೈತನ ಕಣದಿಂದ. ಆ ಕಣದಲ್ಲಿ ದುಡಿದವರು ಎಲ್ಲ ಜಾತಿಯವರು. ಅನ್ನದ ಋಣ ಇಡೀ ಊರಿನದು. ತೀರಿಸುವಾಗ ಮಾತ್ರ ಒಂದೇ ಓಣಿಗೆ ತೀರಿಸುವುದು ಯಾವ ನ್ಯಾಯ? 1951ರ ಕಾಗೋಡು ಸತ್ಯಾಗ್ರಹದಲ್ಲಿ ಗಣಪತಿಯಪ್ಪನವರ ರೈತರ ಬೆನ್ನಿಗೆ ಗೋಪಾಲಗೌಡರು ನಿಂತರು. ಲೋಹಿಯಾ ಬಂದು ಸೆರೆಯಾದರು. ಇವರಿಬ್ಬರೂ ಆ ಗೇಣಿದಾರರ ಜಾತಿಯವರಲ್ಲ. ಅದು ನಾವು ನಂಬುವ ಸೋದರತೆ. ಪಂಕ್ತಿಯನ್ನು ದೊಡ್ಡದು ಮಾಡಬಹುದೆಂಬುದಕ್ಕೆ ಮಠಗಳಲ್ಲೇ ಸಾಕ್ಷಿಯಿದೆ: 1941ರಿಂದ ಸಿದ್ಧಗಂಗೆಯ ಹೊಣೆ ಹೊತ್ತು 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಮಕ್ಕಳಿಗೂ ಅನ್ನವಿಕ್ಕಿ ಓದಿಸಿದರು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಯಾವ ಸಮಾಜದ ಬೋರ್ಡಿಂಗೇ ಇರಲಿ, ಬೇರೆ ಸಮಾಜದ ಬಡ ಮಕ್ಕಳಿಗೂ ಅಲ್ಲಿ ಎಡೆ ಇರಬೇಕು. ಸರಕಾರಿ ವಸತಿ ನಿಲಯಗಳಲ್ಲಿ ಅರ್ಜಿ ಹಾಕಿದ ಯಾವ ಬಡ ಹುಡುಗ, ಹುಡುಗಿಯೂ ಜಾಗವಿಲ್ಲವೆಂದು ಮರಳಬಾರದು. ಹಳೆಯ ವಿದ್ಯಾರ್ಥಿಗಳು ಪುಸ್ತಕ ಕೊಡಲಿ, ಸುದ್ದಿ ಕೊಡಲಿ, ಪರೀಕ್ಷೆಗೆ ತಯಾರು ಮಾಡಲಿ. ಆದರೆ ಆಯ್ಕೆಯ ಮೇಜಿಗೆ ಕೂತಾಗ ಬೋರ್ಡಿಂಗಿನ ಹೆಸರು ಮರೆಯಲಿ.

ಆ ನೇಕಾರ ಬಂಧುವಿಗೆ ನಾವು ಹೇಳಿದ್ದಿಷ್ಟು: ಮಗನನ್ನು ಕಳಿಸಿರಿ, ಅಲ್ಲಿಯ ಅನ್ನ ಉಣ್ಣಲಿ. ಆದರೆ ನಿಮ್ಮ ಮಗ್ಗದ ಕೊಂಡಿಯನ್ನು ಅವನಿಗೆ ನೆನಪು ಮಾಡಿಕೊಡಿರಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದರೆ ಮಾತ್ರ ಸೀರೆ. ತನ್ನ ಓಣಿಯ ಎಳೆಗಳನ್ನಷ್ಟೇ ಗಂಟು ಹಾಕಿಕೊಂಡವನು ಸೀರೆ ನೇಯಲಾರ, ಸಮಾಜವನ್ನಂತೂ ನೇಯಲಾರ.