ಕ್ಷಮಿಸಿದವರು ಕಾರಣವನ್ನೂ ಹೇಳಲಿ
ಅಮೆರಿಕದಲ್ಲಿ ಅಧ್ಯಕ್ಷರ ಕ್ಷಮಾದಾನದ ಚರ್ಚೆ ಇನ್ನೂ ನಿಂತಿಲ್ಲ; ಅದನ್ನು ಓದುವಾಗೆಲ್ಲ ನನಗೆ ನೆನಪಾಗುವುದು ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡ್. 1974ರ ಸೆಪ್ಟೆಂಬರಿನಲ್ಲಿ, ರಾಜೀನಾಮೆ ಕೊಟ್ಟು ಹೋದ ಹಿಂದಿನ ಅಧ್ಯಕ್ಷ ನಿಕ್ಸನ್‌ರನ್ನು ಕ್ಷಮಿಸಿ ಅವರು ಕೈತೊಳೆದುಕೊಳ್ಳಲಿಲ್ಲ. ಮರುತಿಂಗಳೇ ಪ್ರತಿನಿಧಿ ಸಭೆಯ ಉಪಸಮಿತಿಯ ಮುಂದೆ ತಾವಾಗಿಯೇ ಹೋಗಿ ಕೂತರು, ಒಳಒಪ್ಪಂದವೇನಾದರೂ ಇತ್ತೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಟ್ಟರು. 1976ರಲ್ಲಿ ಕಾರ್ಟರ್ ಎದುರು ಸೋತರು; ಆ ಕ್ಷಮೆಯೂ ಸೋಲಿಗೊಂದು ಕಾರಣವೆಂದು ಬಹಳ ಜನ ನಂಬುತ್ತಾರೆ, ನಾನೂ ನಂಬುತ್ತೇನೆ. ಈಗಿನವರು? ಮಗನನ್ನು ಕ್ಷಮಿಸುವುದಿಲ್ಲ ಎನ್ನುತ್ತಲೇ ಬಂದ ಬೈಡನ್ 2024ರ ಡಿಸೆಂಬರ್ 1ರಂದು ಕ್ಷಮಿಸಿಬಿಟ್ಟರು; ಅಧಿಕಾರ ಬಿಡುವ ಕೊನೆಯ ಗಳಿಗೆಯಲ್ಲಿ ತಮ್ಮಂದಿರನ್ನೂ ತಂಗಿಯನ್ನೂ ಸೇರಿಸಿದರು. ಅಧಿಕಾರ ವಹಿಸಿಕೊಂಡ ಅದೇ ದಿನ ಟ್ರಂಪ್, 2021ರ ಜನವರಿ 6ರ ಕ್ಯಾಪಿಟಲ್ ದಾಳಿಯ ಸುಮಾರು 1,500 ಮಂದಿಗೆ ಕ್ಷಮೆ ಕೊಟ್ಟರು, ಪೊಲೀಸರನ್ನು ಹೊಡೆದವರಿಗೂ. ತಂದೆಯ ಕರುಳು ನನಗೆ ಅರ್ಥವಾಗುತ್ತದೆ, ಆದರೂ ಮಾತು ತಪ್ಪಿದ್ದು ತಪ್ಪೇ. ಕಾವಲಿಗೆ ನಿಂತವರ ಮೇಲೆ ಕೈಮಾಡಿದವರನ್ನು ಬಿಡಿಸಿದ್ದು ಅದಕ್ಕಿಂತ ಬಹಳ ಘೋರ. ಮುಂದಿನ ಗುಂಪಿಗೆ ಅದು ಭರವಸೆಯೇ ಆಗಿಬಿಡುತ್ತದೆ. ನಮ್ಮ ರಾಷ್ಟ್ರಪತಿ ಸಚಿವ ಸಂಪುಟದ ಸಲಹೆಯಂತೆ ಕ್ಷಮಿಸುತ್ತಾರೆ, ಸೀಮಿತವಾಗಿಯಾದರೂ ಕೋರ್ಟು ಅದನ್ನು ಪರಿಶೀಲಿಸಬಹುದು. ಅಮೆರಿಕದಲ್ಲಿ ಒಬ್ಬರ ಸಹಿ ಸಾಕು. ಅದನ್ನು ಬದಲಿಸಲು ಸಂವಿಧಾನವನ್ನೇ ತಿದ್ದಬೇಕು.