ಆಪರೇಷನ್‌ಗೆ ಹಣವಿದೆ, ಆಮೇಲಿನ ಒಂದು ವರ್ಷಕ್ಕೆ?

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಕಾಲಿನ ಶಸ್ತ್ರಚಿಕಿತ್ಸೆಯ ನಂತರ ಸ್ಪ್ಲಿಂಟ್ ಹಾಗೂ ಫಿಸಿಯೋಥೆರಪಿ ಒದಗಿಸುವ ಬಗ್ಗೆ

ಮಾನ್ಯರೇ,

ನನ್ನ ತಂಗಿಯ ಮಗಳಿಗೆ ಒಂಬತ್ತು ವರ್ಷ. ದಿನ ತುಂಬುವ ಮುಂಚೆಯೇ ಹುಟ್ಟಿದವಳು. ಎರಡೂ ಕಾಲು ಬಿಗಿ. ಗೋಡೆ ಹಿಡಿದು, ತುದಿಗಾಲಲ್ಲಿ, ಮಂಡಿಗೆ ಮಂಡಿ ಉಜ್ಜುತ್ತ ನಡೆಯುತ್ತಿದ್ದಳು. ಕಳೆದ ವರ್ಷ ಸರ್ಕಾರಿ ಯೋಜನೆಯಡಿ ಅವಳ ಕಾಲುಗಳಿಗೆ ಆಪರೇಷನ್ ಆಯಿತು. ಬಿಪಿಎಲ್ ಕಾರ್ಡ್ ತೋರಿಸಿದೆವು, ಒಂದು ರೂಪಾಯಿಯನ್ನೂ ಕೇಳಲಿಲ್ಲ. ವೈದ್ಯರು, ನರ್ಸ್‌ಗಳು ಮನೆಯವರಂತೆ ನೋಡಿಕೊಂಡರು. ಅವರ ಮೇಲೆ ನಮ್ಮ ದೂರಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಮ್ಮನ್ನು ಕೇಳುವವರು ಯಾರೂ ಇರಲಿಲ್ಲ ಎಂಬುದೇ ದೂರು.

ಈ ಮಕ್ಕಳ ತೊಂದರೆಯ ಮೂಲ ಮೆದುಳಿನಲ್ಲಿದೆ. ಊರಲ್ಲಿ ಈಗಲೂ ಪೋಲಿಯೊ ಅನ್ನುತ್ತಾರೆ, ಆದರೆ ಪೋಲಿಯೊದಲ್ಲಿ ಕಾಲು ಸೋತು ಜೋಲುತ್ತದೆ, ಇಲ್ಲಿ ಸೆಟೆದುಕೊಳ್ಳುತ್ತದೆ. ಮೆದುಳಿಗಾದ ಪೆಟ್ಟು ಹೆಚ್ಚುವುದಿಲ್ಲ. ಬೆಳೆಯುವುದು ಕಾಲು. ಮೂಳೆ ಉದ್ದವಾದ ಹಾಗೆ ಬಿಗಿದ ಸ್ನಾಯು ಉದ್ದವಾಗದು. ಹಿಮ್ಮಡಿ ನೆಲ ಬಿಡುತ್ತದೆ, ಮಂಡಿ ಬಾಗುತ್ತದೆ, ತೊಡೆಮೂಳೆ ಒಳಕ್ಕೆ ತಿರುಗಿಯೇ ಉಳಿಯುತ್ತದೆ. ಹಿಂದೆಲ್ಲ ಒಂದೊಂದು ಕೀಲಿಗೆ ಒಂದೊಂದು ವರ್ಷ ಕತ್ತರಿ ಹಾಕುತ್ತಿದ್ದರು. ಹುಟ್ಟುಹಬ್ಬಗಳನ್ನೆಲ್ಲ ಆಸ್ಪತ್ರೆಯಲ್ಲಿ ಕಳೆಯುವ ಇಂಥ ಮಕ್ಕಳ ಪಾಡನ್ನು ಟೊರೊಂಟೊದ ಮೂಳೆತಜ್ಞ ಮರ್ಸರ್ ರ್ಯಾಂಗ್ ‘ಬರ್ತ್‌ಡೇ ಸಿಂಡ್ರೋಮ್’ ಎಂದು ಕರೆದರು. ಈಗ ಸೊಂಟದಿಂದ ಪಾದದವರೆಗೆ ಬೇಕಾದ್ದನ್ನೆಲ್ಲ ಸಾಧ್ಯವಾದಷ್ಟೂ ಒಂದೇ ಸಲ ಸರಿಪಡಿಸುತ್ತಾರೆ. ನಮ್ಮ ಮಗುವಿಗೂ ಹಾಗೇ ಮಾಡಿದರು.

ಆದರೆ ಉದ್ದ ಮಾಡಿದ ಸ್ನಾಯು ಸಡಿಲವಾಗುವಾಗ ಬಲವನ್ನೂ ಕಳೆದುಕೊಳ್ಳುತ್ತದೆ. ಮೊದಲ ಕೆಲವು ತಿಂಗಳು ಮಗು ಮುಂಚಿಗಿಂತ ಕಡಿಮೆಯೇ ನಡೆಯುತ್ತದೆ. ಹಳೆಯ ಮಟ್ಟ ಮುಟ್ಟಿ ಅದನ್ನು ದಾಟಲು ವರ್ಷ ಹಿಡಿಯುತ್ತದೆ. ಆ ವರ್ಷವಿಡೀ ಸ್ಪ್ಲಿಂಟ್ ಬೇಕು, ವ್ಯಾಯಾಮ ಬೇಕು. ಹಿಮ್ಮಡಿ ಅತಿಯಾಗಿ ಸಡಿಲವಾದರೆ, ಬಲ ಮರಳದಿದ್ದರೆ, ತುದಿಗಾಲಲ್ಲಿ ನಡೆಯುತ್ತಿದ್ದ ಮಗು ಮಂಡಿ ಬಗ್ಗಿಸಿ ಕುಕ್ಕರಿಸಿದಂತೆ ನಡೆಯತೊಡಗುತ್ತದೆ. ಅದನ್ನು ಸರಿಪಡಿಸುವುದು ಮೊದಲಿನದಕ್ಕಿಂತ ಕಷ್ಟ.

ನಮಗೆ ಸಿಕ್ಕಿದ್ದು ಏನು? ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಒಂದು ಸಾಲು: ಸ್ಪ್ಲಿಂಟ್ ಹಾಕಿಸಿ, ಫಿಸಿಯೋಥೆರಪಿ ಮುಂದುವರಿಸಿ. ಸ್ಪ್ಲಿಂಟ್ ಹೊರಗೆ ಮಾಡಿಸಬೇಕಾಯಿತು. ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಪ್ಲಾಸ್ಟಿಕ್ ಹಾಳೆ ಕಾಯಿಸಿ ಅದರ ಮೇಲೆ ಕೂರಿಸುವ ಕೆಲಸ. ಎರಡು ಕಾಲಿಗೆ ಸಾವಿರಾರು ರೂಪಾಯಿ. ವರ್ಷ ತುಂಬುವುದರೊಳಗೆ ಮಗು ಬೆಳೆದಳು, ಸ್ಪ್ಲಿಂಟ್ ಬೆಳೆಯಲಿಲ್ಲ. ಈಗ ಅದರ ಅಂಚು ಕಾಲಿನ ಗೆಣ್ಣಿಗೆ ಒತ್ತುತ್ತದೆ, ಸಂಜೆ ಬಿಚ್ಚಿದರೆ ಕೆಂಪು ಗುರುತು. ತಂಗಿ ಹಳೇ ಸೀರೆಯ ತುಂಡು ಮಡಿಚಿ ಒಳಗಿಟ್ಟು ಪಟ್ಟಿ ಬಿಗಿಯುತ್ತಾಳೆ. ಹೊಸದು ಮಾಡಿಸಲು ಕೂಲಿಯ ದುಡ್ಡು ಸಾಲದು.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಇಲ್ಲ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಶಕ್ತಿ ಯೋಜನೆಯಿಂದ ಬಸ್ಸಿನ ದುಡ್ಡು ಉಳಿಯಿತು, ಅದಕ್ಕೆ ಸರ್ಕಾರಕ್ಕೆ ಕೃತಜ್ಞರು. ಆದರೆ ಹೋದ ದಿನದ ಕೂಲಿ ಹೋಯಿತು, ಮಗುವಿನ ಶಾಲೆಯೂ ಹೋಯಿತು. ಹೀಗಾಗಿ ವಾರಕ್ಕೆ ಮೂರು ದಿನ ಆಗಬೇಕಿದ್ದ ಥೆರಪಿ ತಿಂಗಳಿಗೊಮ್ಮೆಗೆ ಇಳಿದಿದೆ. ಕೇಂದ್ರದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ಥೆರಪಿಗೂ ಸೇರಿ, ಅವಕಾಶವಿದೆ. ಮೊದಲು ಕೈಯಿಂದ ಹಾಕಿ ಆಮೇಲೆ ಬಿಲ್ ಕೊಟ್ಟು ಪಡೆಯಬೇಕು. ಮೊದಲು ಹಾಕಲು ಕೈಯಲ್ಲಿ ಇದ್ದರಲ್ಲವೇ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ ಸೇರಿದೆ. ಆದಾಯ ಮಿತಿಗೆ ಒಳಪಟ್ಟು, ವಾಸಸ್ಥಳದ ಹತ್ತಿರದಲ್ಲೇ, ವಿಶೇಷವಾಗಿ ಹಳ್ಳಿಗಳಲ್ಲಿ, ಉಚಿತ ಆರೋಗ್ಯ ಸೇವೆ ಕೊಡಬೇಕೆಂದು ಅದರ 25ನೇ ಸೆಕ್ಷನ್ ಹೇಳುತ್ತದೆ. ನಾವು ಕೇಳುತ್ತಿರುವುದು ಅಷ್ಟನ್ನೇ.

ಇನ್ನೊಂದು ಮಾತು. ಈ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸೊಂಟದ ಕೀಲು ಜಾರುತ್ತದೆ. ಮೊದಮೊದಲು ನೋವಿರುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ. ದಕ್ಷಿಣ ಸ್ವೀಡನ್‌ನಲ್ಲಿ 1994ರಿಂದ ಇಂಥ ಮಕ್ಕಳಿಗೆ ನಿಗದಿತ ಕಾಲಕ್ಕೆ ಎಕ್ಸ್‌ರೇ ತೆಗೆಯುತ್ತ ಬಂದು, ಕೀಲು ಪೂರ್ತಿ ತಪ್ಪುವುದನ್ನು ಬಹುತೇಕ ತಡೆದಿದ್ದಾರೆ. ನಮ್ಮಲ್ಲೂ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತಿವೆ. ನಮ್ಮ ಹುಡುಗಿಯ ಹೆಸರನ್ನೂ ಬರೆದುಕೊಂಡು ಹೋಗಿದ್ದರು. ಆಪರೇಷನ್‌ಗೆ ಮುಂಚೆ ಅವಳ ಸೊಂಟದ ಎಕ್ಸ್‌ರೇ ತೆಗೆಸಿ ಎಂದು ಒಬ್ಬರೂ ಹೇಳಿರಲಿಲ್ಲ.

ಮಾನ್ಯರೇ, ಕಾಲಿನ ಆಪರೇಷನ್‌ನ ಪ್ಯಾಕೇಜಿನಲ್ಲೇ ಸ್ಪ್ಲಿಂಟ್, ಮಗು ಬೆಳೆದಾಗ ಅದರ ಬದಲಿ, ಒಂದು ವರ್ಷದ ಥೆರಪಿ ಸೇರಿಸಿ ಆದೇಶ ಹೊರಡಿಸಿ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ವಾರದಲ್ಲಿ ಗೊತ್ತಾದ ದಿನಗಳಲ್ಲಾದರೂ ಫಿಸಿಯೋಥೆರಪಿಸ್ಟ್ ಬರುವಂತೆ ಮಾಡಿ. ತಪಾಸಣೆಯಲ್ಲಿ ಸಿಕ್ಕ ಪ್ರತಿ ಮಗುವಿಗೂ ಸೊಂಟದ ಎಕ್ಸ್‌ರೇ ಕಡ್ಡಾಯವಾಗಲಿ. ನಮ್ಮ ಹುಡುಗಿಗೆ ಆಪರೇಷನ್ ಆಗಿ ವರ್ಷ ತುಂಬುತ್ತ ಬಂತು. ಆದೇಶ ಈ ವರ್ಷವೇ ಬರಲಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಗುವಿನ ಸೋದರಮಾವ